ಟ್ಯಾಂಕರ್ ಕಾಕಾ ದ್ವೀಪ ಆರಿಸಿದ್ದು

ಪ್ರಪಂಚದಲ್ಲಿ ದ್ವೀಪಗಳಿಗೇನೂ ಬರವಿಲ್ಲ. ಆದರೆ ನಮ್ಮ ಕಾಕಾನ ಪರೀಕ್ಷೆಯಲ್ಲಿ ಪಾಸಾಗುವ ದ್ವೀಪ ಮಾತ್ರ ಇನ್ನೂ ಹುಟ್ಟಬೇಕಾಗಿದೆ! ಕಳೆದ ರವಿವಾರ ಮಧ್ಯಾಹ್ನ ಮಹಾರಾಷ್ಟ್ರದ ಗಡಿಯ ಬರದ ಊರು ಜತ್ತಿನ ನಮ್ಮ ಪಡಸಾಲೆಯಲ್ಲಿ ಕುಳಿತು, ಚಹಾ ಆರುವುದರೊಳಗೆ ಅವರು ಏಳು ದ್ವೀಪಗಳನ್ನು ನಪಾಸು ಮಾಡಿದರು. ಹವಳ ಚೆಂದವಿಲ್ಲ ಎಂದಲ್ಲ, ಶಾರ್ಕ್ ಇದೆ ಎಂದೂ ಅಲ್ಲ. ಅವರದು ಒಂದೇ ಪ್ರಶ್ನೆ.

"ಅಲ್ಲಿ ಮಂದಿ ಕುಡ್ಯಾಕ ನೀರ ಎಲ್ಲಿಂದ ತರ್ತಾರ?"

ನಾಲ್ಕೂ ಕಡೆ ಸಮುದ್ರವಿರುವ ಊರಿನ ಬಗ್ಗೆ ಯಾರಾದರೂ ಮೊದಲು ಕೇಳುವ ಪ್ರಶ್ನೆಯೇ ಇದು?

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮೂವತ್ತು ವರ್ಷ ನಮ್ಮ ತಾಲೂಕಿನ ಹಳ್ಳಿಗಳಿಗೆ ನೀರಿನ ಟ್ಯಾಂಕರ್ ಓಡಿಸಿದವರು. ಈ ಮೂವತ್ತನ್ನು ಪೂರ್ತಿ ನಂಬಬೇಡಿ. ಕಾಕಾ ಮೂವತ್ತಾರು ಎನ್ನುತ್ತಾರೆ, ಅವರ ಹೆಂಡತಿ, ಅಂದರೆ ನಮ್ಮ ಕಾಕು, ಇಪ್ಪತ್ತೆಂಟು ಎನ್ನುತ್ತಾರೆ, ನಾನು ಜಗಳ ಬೇಡವೆಂದು ನಡುವಿನದೊಂದನ್ನು ಹಿಡಿದಿದ್ದೇನೆ. ನಿವೃತ್ತಿಯ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ಮನೆಗೆ ಬಂದವರು ನನಗೆ ಹೇಳಿದ ಮಾತಿನಲ್ಲಿ ಮಾತ್ರ ಸಂಶಯವಿಲ್ಲ: "ತಮ್ಮಾ, ಇಷ್ಟ ವರ್ಷ ನಾ ನೀರ ಹೊತ್ತೆ. ಇನ್ನ ಒಂದ ಎಂಟ ದಿನ ನೀರ ನನ್ನ ಹೊರಲಿ."

ಈ ಮಾತನ್ನು ಹಿಡಿದುಕೊಂಡೇ ನಾನು ಹುಡುಕಿದ್ದು ಲಿವ್‌ಅಬೋರ್ಡ್ ಎಂಬ ಬೋಟಿನ ಪ್ರವಾಸ. ಊಟ, ನಿದ್ದೆ ಎಲ್ಲ ಬೋಟಿನ ಮೇಲೆಯೇ. ದಿನಾ ಒಂದೊಂದು ಕಡೆ ಲಂಗರು ಹಾಕಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಮೀನು ನೋಡುವುದು. ನಾನು ಮಾಲವಣದ ಕಡಲಲ್ಲಿ ಇದನ್ನು ಕಲಿತಿದ್ದೆ. ಕಾಕಾನಿಗೆ ಬಾವಿಯಲ್ಲಿ ಈಜಿ ಗೊತ್ತು, ಉಳಿದದ್ದನ್ನು ಬೋಟಿನವರೇ ಮೊದಲೆರಡು ದಿನ ಕಲಿಸುತ್ತಾರೆ. ಡಾಕ್ಟರು ಕಾಕಾನ ಕಿವಿ, ಎದೆ ಎಲ್ಲ ನೋಡಿ ಸಹಿ ಹಾಕಿದರು. "ಈ ವರ್ಷ ಹೋಗಿ ಬರ್ರಿ. ಮುಂದಿನ ವರ್ಷದ್ದು ಆಮ್ಯಾಲ ನೋಡೂಣು" ಎಂದರು. ಡಾಕ್ಟರುಗಳು 'ಆಮ್ಯಾಲ' ಎನ್ನುವಾಗ ಎತ್ತ ನೋಡುತ್ತಾರೆಂದು ನಿಮಗೂ ಗೊತ್ತಿರಬಹುದು. ಇವರು ಗೋಡೆಯ ಕ್ಯಾಲೆಂಡರ್ ನೋಡಿದರು. ಬೋಟಿನಲ್ಲಿ ಎರಡು ಜಾಗ ಸೋಮವಾರ ಸಂಜೆಯವರೆಗೆ ನಮಗಾಗಿ ಹಿಡಿದಿಟ್ಟಿದ್ದರು. ಅವರ ಬೋಟುಗಳು ಹೋಗುವ ಏಳು ದ್ವೀಪಗಳಲ್ಲಿ ಕಾಕಾ ಯಾವುದಾದರೂ ಒಂದಕ್ಕೆ ಹೂಂ ಎನ್ನಬೇಕು, ಅಷ್ಟೇ!

ಅಷ್ಟೇ ಎಂದೆನಲ್ಲ, ಅದು ನನ್ನ ದಡ್ಡತನ.

ನನಗೆ ಕನ್ಯೆ ನೋಡಲು ಯಳವಿ ಊರಿಗೆ ಹೋದಾಗಲೇ ನಾನು ಪಾಠ ಕಲಿಯಬೇಕಿತ್ತು. ಹುಡುಗಿ ನೀರಿನ ತಂಬಿಗೆ ತಂದು ಮುಂದಿಟ್ಟಳು. ಕಾಕಾ ಮುಟ್ಟಲಿಲ್ಲ. "ಈ ನೀರ ಎಲ್ಲಿವ್ರಿ? ಎಷ್ಟ ದಿನಕ್ಕೊಮ್ಮಿ ಬರ್ತಾವು?" ಎಂದು ಹುಡುಗಿಯ ಅಪ್ಪನನ್ನು ಕೇಳಿದರು. ಆತ ಗಾಬರಿಯಾಗಿ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು ನೀರಿನ ತೊಟ್ಟಿ ತೋರಿಸಿದ, ಹಂಡೆ ತೋರಿಸಿದ, ಹಂಡೆಯ ಮುಚ್ಚಳವನ್ನೂ ತೆಗೆದು ತೋರಿಸಿದ! ಆ ಹುಡುಗಿಯೇ ಈಗ ನನ್ನ ಹೆಂಡತಿ. "ನನ್ನ ಮಾರಿ ಯಾರೂ ನೋಡ್ಲೇ ಇಲ್ಲ. ಹಂಡೆ ಪಸಂದ ಬಂತು, ಅದಕ್ಕ ಲಗ್ನಾತು" ಎಂದು ಇವತ್ತಿಗೂ ಹಂಗಿಸುತ್ತಾಳೆ.

ಬೇಸಿಗೆಯಲ್ಲಿ ಬೀಗರ ಊರಿಗೆ ಹೋಗುವಾಗ ಕಾಕಾ ಪೇಢೆ ಒಯ್ಯುವುದಿಲ್ಲ, ಇಪ್ಪತ್ತು ಲೀಟರಿನ ಕ್ಯಾನು ಒಯ್ಯುತ್ತಾರೆ. ಒಮ್ಮೆ ದರಿಬಡಚಿಯಲ್ಲಿ ಮದುವೆಯ ಆಹೇರಿ, ಅಂದರೆ ಉಡುಗೊರೆ, ಬರೆದುಕೊಳ್ಳುವವನು ಪೆನ್ನು ಹಿಡಿದು ಕಂಗಾಲಾಗಿ ಕೂತಿದ್ದ. "ಕಾಕಾ, ಇದನ್ನ ಏನಂತ ಬರೀಲ್ರಿ?" ಎಂದರೆ, "ಬರೀಬ್ಯಾಡ, ಕುಡಿ" ಎಂದರು.

ಇಂಥವರ ಕೈಗೆ ನಾನು ಆ ರವಿವಾರ ಪುಣೆಯ ಪ್ರವಾಸ ಕಚೇರಿಯ ಹುಡುಗಿಯ ಫೋನು ಕೊಟ್ಟೆ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಆಕೆ ಪಾಪ, ನೀಲಿ ನೀರು, ಬಿಳಿ ಮರಳು, ಆಮೆ ಎಂದು ಹಾಡಿದಂತೆ ಹೇಳುತ್ತಿದ್ದಳು. ಕಾಕಾ ನಡುವೆ ಬಾಯಿ ಹಾಕಿದರು. ಒಂದು ದ್ವೀಪದಲ್ಲಿ ಮಳೆನೀರನ್ನೇ ವರ್ಷವಿಡೀ ಕಾಯ್ದುಕೊಳ್ಳುತ್ತಾರೆ ಎಂದು ತಿಳಿಯಿತು. ನಪಾಸು! ಇನ್ನೊಂದರಲ್ಲಿ ಮರಳಿನ ಕೆಳಗೆ ತೆಳ್ಳಗೆ ಸಿಹಿನೀರಿದೆ, ಹೆಚ್ಚು ಸೇದಿದರೆ ಉಪ್ಪಾಗುತ್ತದೆ. ನಪಾಸು! ಮತ್ತೊಂದಕ್ಕೆ ಕುಡಿಯುವ ನೀರು ಹಡಗಿನಲ್ಲಿ ಬರುತ್ತದೆ ಎಂದಾಗ ಕಾಕಾನ ಬೆನ್ನು ನೆಟ್ಟಗಾಯಿತು.

"ಹಡಗು ದಿನಕ್ಕೆ ಎಷ್ಟು ಖೇಪು ಹೊಡೆಯುತ್ತದೆ? ಡ್ರೈವರನಿಗೆ ಊಟ ಯಾರು ಕೊಡುತ್ತಾರೆ?"

ಆಕೆ ಫೋನನ್ನು ಕಚೇರಿಯ ಹಿರಿಯರಿಗೆ ಕೊಟ್ಟಳು. ಹಿರಿಯರು ಬಹಳ ವಿನಯದಿಂದ ಕೇಳಿದರು: "ಸಾಹೇಬರು ಹೋಗುತ್ತಿರುವುದು ಪ್ರವಾಸಕ್ಕೋ, ತಪಾಸಣೆಗೋ?"

ಬೋಟು ಮಾತ್ರ ಒಂದೇ ನಿಮಿಷದಲ್ಲಿ ಪಾಸಾಯಿತು. ಸಮುದ್ರದ ನೀರನ್ನೇ ಸಿಹಿ ಮಾಡುವ ಯಂತ್ರ ಅದರಲ್ಲಿದೆ, ಒಳಗೆ ದೊಡ್ಡ ನೀರಿನ ಟಾಕಿಯೂ ಇದೆ ಎಂದೆ. "ಹಂಗಾದ್ರ ಅದು ನಮ್ಮ ಟ್ಯಾಂಕರನ! ಮ್ಯಾಲ ಮಂದಿ ಕುಂತಾರ, ಅಷ್ಟ" ಎಂದು ಹಿಗ್ಗಿದರು.

"ಮತ್ತ ದ್ವೀಪದವರ ನೀರಿನ ಚಿಂತಿ ನಿಮಗ್ಯಾಕ್ರಿ, ಕಾಕಾ? ನಾವು ಬೋಟಿನ ನೀರ ಕುಡಿಯೂದು."

"ದಂಡಿಗೆ ಇಳಿಯೂದಿಲ್ಲೇನು? ಇಳದ ಮ್ಯಾಲ ಯಾರರ ಒಳಗ ಬರ್ರಿ, ಕುಂದ್ರಿ ಅನ್ನೂದಿಲ್ಲೇನು? ಅಂದ ಮ್ಯಾಲ ನೀರ ಕೊಡ್ತಾರ. ಅವರಿಗೇ ಇಲ್ಲದ್ದನ್ನ ನಾ ಹೆಂಗ ಕುಡೀಲಿ?"

ಮನೆಯ ಮುಂದೆ ಬಂದವರನ್ನು ಒಳಗೆ ಕರೆಯದ ಊರು ಭೂಮಿಯ ಮೇಲೆ ಇರಬಹುದೆಂಬುದೇ ಅವರ ತಲೆಗೆ ಹೋಗಲಿಲ್ಲ.

ಸೋಮವಾರ ಮೂರು ಗಂಟೆಗೆ ಕಾಕು ತಾಳ್ಮೆಗೆಟ್ಟರು. "ಕನ್ಯಾ ನೋಡಾಕ ನಿಮಗ ಇಷ್ಟ ಹೊತ್ತ ಹಿಡದಿರ್ಲಿಲ್ಲ!"

"ನಿಮ್ಮ ಅಪ್ಪ ಮದಲ ಬಾವಿ ತೋರ್ಸಿದ್ನಲ್ಲ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇನ್ನೆರಡು ತಾಸಿಗೆ ಜಾಗ ಹೋಗುತ್ತವೆ, ಡಾಕ್ಟರ ಕ್ಯಾಲೆಂಡರ್ ಕಣ್ಣ ಮುಂದಿದೆ. "ಕಾಕಾ, ನೀವು ನನ್ನ ಸಲುವಾಗಿ ಒಂದ ಟ್ಯಾಂಕರ್ ನೀರ ಸುರದ್ರಿ. ಅದಕ್ಕ ನಾ ಒಂದ ಸಮುದ್ರ ತೋರಸ್ತೀನಿ ಅಂದ್ರ ಬ್ಯಾಡ ಅಂತೀರಲ್ಲ" ಎಂದುಬಿಟ್ಟೆ.

ಆ ಟ್ಯಾಂಕರ್ ನೀರು ಸುರಿದಾಗ ನನಗೆ ಏಳು ವರ್ಷ. ಕಾಕಾನ ಪಕ್ಕ ಕ್ಯಾಬಿನ್ನಿನಲ್ಲಿ ಕುಳಿತು ನೀರು ಕೊಡಲು ತಿಕೋಂಡಿ ಹಳ್ಳಿಗೆ ಹೊರಟಿದ್ದೆ. ದಾರಿಯಲ್ಲಿ ಇಳಿದಾಗ ಚೇಳು ಕುಟುಕಿತು. ಬಲಗಾಲು ಎಂದು ಅವ್ವ, ಎಡಗಾಲು ಎಂದು ಕಾಕು. ಬೆವರಿ, ವಾಂತಿಯಾಗಿ ಎಚ್ಚರ ತಪ್ಪಿದೆ. ತುಂಬಿದ ಟ್ಯಾಂಕರ್ ಜೋರಾಗಿ ಓಡುವುದಿಲ್ಲ. ಒಂದು ಹನಿ ಚೆಲ್ಲಿದರೂ ಬೈಯುತ್ತಿದ್ದ ಕಾಕಾ ಹಿಂದಿನ ವಾಲ್ವ್ ಪೂರ್ತಿ ತೆರೆದು, ನೀರನ್ನೆಲ್ಲ ರಸ್ತೆಗೆ ಬಿಟ್ಟು, ಹಗುರಾದ ಗಾಡಿಯನ್ನು ವಿಜಯಪುರದ ಆಸ್ಪತ್ರೆಯ ಬಾಗಿಲಿಗೆ ಒಯ್ದು ನಿಲ್ಲಿಸಿದರು. ಬಿಸಿಲಲ್ಲಿ ಹೊಳೆಯುವ ಆ ನೀರು, ಅದಕ್ಕೆ ಮುಗಿಬಿದ್ದ ಕಾಗೆಗಳು ನನಗೆ ಈಗಲೂ ಕಾಣುತ್ತವೆ. ಎಚ್ಚರ ತಪ್ಪಿದ್ದವನು ಇದನ್ನೆಲ್ಲ ನೋಡಿದ್ದು ಹೇಗೆ? ಕಾಗೆಗಳನ್ನು ನಾನೇ ಆಮೇಲೆ ಸೇರಿಸಿರಬೇಕು. ಕಾಕಾನ ನೀರಿನ ವಿಚಾರಣೆ ಅಂದೇ ಶುರುವಾಯಿತು ಎಂದರೆ ಕಥೆ ಚೆನ್ನಾಗಿ ಕೂರುತ್ತದೆ. ಆದರೆ ಕಾಕುವಿನ ಅಪ್ಪ ಬಾವಿ ತೋರಿಸಿದ್ದು ಅದಕ್ಕಿಂತ ಮುಂಚೆ! ನಾನು ಬದುಕಿದ್ದೇನೆ ಎಂಬುದೊಂದೇ ಗಟ್ಟಿ ಸಾಕ್ಷಿ.

ನನ್ನ ಮಾತಿಗೆ ಕಾಕಾ, ನಾನು ಕೇಳಿರದ ಸಂಗತಿ ಹೇಳಿದರು.

"ಮರದಿನಾ ತಿಕೋಂಡಿಗೆ ನೀರ ಒಯ್ದೆ. ಬೈಸ್ಕೊಳ್ಳಾಕ ತಯಾರಾಗೇ ಹ್ವಾದ್ಯಾ. ಇಡೀ ಊರ ಖಾಲಿ ಕೊಡಾ ಹಿಡಕೊಂಡ ನಿಂತಿತ್ತು. ಒಬ್ಬಾಕಿ ಮುದುಕಿ ಮುಂದ ಬಂದು, 'ಹುಡುಗ ಹೆಂಗದಾನೋ ಎಪ್ಪಾ' ಅಂದ್ಳು. ತನ್ನ ಮನಿಯಾಗ ಉಳದಿದ್ದ ಒಂದ ತಂಬಗಿ ನೀರ ತಂದು ನನಗ ಕೊಟ್ಳು."

"ಕುಡದ್ರೇನು?"

"ಸವಳ ಇದ್ವು. ತಳದ ತನಾ ಕುಡದೆ."

ಕಾಕಾ ನನ್ನ ಫೋನಿನ ನಕಾಶೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಈ ಏಳರಾಗ ಎಲ್ಲಕ್ಕಿಂತ ನೀರ ಕಡಿಮಿ ಎಲ್ಲೈತಿ?"

ಹಡಗಿನಿಂದ ನೀರು ಬರುವ ದ್ವೀಪವನ್ನು ತೋರಿಸಿದೆ.

"ಅಲ್ಲಿಗೇ ಹೋಗೂಣು, ತಮ್ಮಾ. ಅಂಥಾ ಮಂದಿ ಅಲ್ಲೇ ಇರ್ತಾರ."

ನಾನು ಬೇಗನೆ ಬೋಟಿನ ಫಾರ್ಮು ತುಂಬತೊಡಗಿದೆ. ನೀರೊಳಗೆ ನಿಮ್ಮ ಜೋಡಿದಾರ ಯಾರು ಎಂದು ಒಂದು ಪ್ರಶ್ನೆಯಿತ್ತು. ಜೋಡಿ ಇಲ್ಲದೆ ಯಾರನ್ನೂ ಮುಳುಗಲು ಬಿಡುವುದಿಲ್ಲ, ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರು ತಮ್ಮ ಸಿಲಿಂಡರಿನಿಂದ ಕೊಡಬೇಕು ಎಂದು ವಿವರಿಸಿ, ನನ್ನ ಹೆಸರು ಬರೆದೆ.

"ಅಂದ್ರ ನಿನ್ನ ಗಾಳಿ ಮುಗದ್ರ ನಾ ಕೊಡಬೇಕೇನು?"

"ಹೌದ್ರಿ, ಕಾಕಾ."

"ಹಂಗಾದ್ರ ಈಗಿಂದನ ಉಸರ ಕಡಿಮಿ ತಗೊಳ್ಳೂದ ಕಲೀತೀನಿ. ನಿನಗ ಬೇಕಾದೀತು."

ನೀರೊಳಗೆ ಉಸಿರು ಹಿಡಿಯಬಾರದು ಎಂಬುದೇ ಮಾಲವಣದಲ್ಲಿ ನನಗೆ ಹೇಳಿಕೊಟ್ಟ ಮೊದಲ ಪಾಠ. ಅದನ್ನು ಕಾಕಾನಿಗೆ ಹೇಳಬೇಕು. ಇನ್ನೂ ಹೇಳಿಲ್ಲ. ದಿನಾ ಮುಂಜಾನೆ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು, ಅವರು ನನಗೋಸ್ಕರ ಉಸಿರು ಉಳಿಸುತ್ತಿದ್ದಾರೆ.