ಏಡಿ ಹಿಡಿಯುವುದು ಕಾಯಿಲೆಯಲ್ಲ

ಹೆಡ್‌ಮೇಡಂ ಕ್ವಿನ್ ಒಂದೇ ಒಂದು ದಿನ ರಜೆ ಕೊಟ್ಟಿದ್ದರೆ ನಮ್ಮ ಡ್ಯಾರಿಲ್ ಸುಳ್ಳು ಹೇಳುತ್ತಲೇ ಇರಲಿಲ್ಲ. ಪಾಪ, ಅವನಿಗೆ ಸುಳ್ಳು ಹೇಳಲು ಬರುವುದೂ ಇಲ್ಲ. ಎರಡು ವಾರ ಉತ್ತರದ ಕಬ್ಬಿಣದ ಗಣಿಯಲ್ಲಿ ಕೆಲಸ, ಒಂದು ವಾರ ಮನೆ. ಆ ಒಂದು ವಾರವೂ ಮಗಳು ಮಾರ್ನಿ ಒಂಬತ್ತರಿಂದ ಮೂರರವರೆಗೆ ಶಾಲೆಯಲ್ಲಿ. ನಾಳೆ ಬೆಳಗ್ಗೆ ಅವನು ಮತ್ತೆ ವಿಮಾನ ಹತ್ತಬೇಕು. ಅದಕ್ಕೆ ಮುಂಚೆ ಒಂದು ದಿನ ಅಳಿವೆಗೆ ಹೋಗಿ ಮಗಳ ಜೊತೆ ಏಡಿ ಹಿಡಿಯಬೇಕೆಂದು ಅವನ ಜೀವ ಬಡಿದುಕೊಳ್ಳುತ್ತಿತ್ತು. ಕೇಳಿದರೆ ಮೇಡಂ ಹೇಳಿದ್ದಿಷ್ಟೇ: "ಕಾಯಿಲೆ ಆದ್ರೆ ರಜೆ ಕೊಡ್ತೀನಿ ಡ್ಯಾರಿಲ್. ಏಡಿ ಹಿಡಿಯೋದು ಕಾಯಿಲೆ ಅಲ್ಲ."

ಹಾಗಾದರೆ ಕಾಯಿಲೆಯೇ ಆಗಲಿ ಎಂದು ಅವನು ಮಗಳಿಗೆ ಜ್ವರವೆಂದು ಶಾಲೆಗೆ ಮೆಸೇಜ್ ಕಳಿಸಿದ. ಅಪ್ಪ ಮಗಳು ಬಕೆಟ್ಟು, ಬಲೆ ಎತ್ತಿಕೊಂಡು ಸದ್ದಿಲ್ಲದೆ ಅಂಗಳಕ್ಕೆ ಇಳಿದರು. ಬೇಲಿಯ ಮೇಲೆ ಪಕ್ಕದ ಮನೆಯ ಮೇವಿಸ್ ಅಜ್ಜಿಯ ತಲೆ ಮೂಡಿತು.

ಇವತ್ತು ಶಾಲೆ ಇಲ್ವೇ ಎಂದು ಅಜ್ಜಿ ಕೇಳಿದಳು. ಜ್ವರ ಎಂದ. ಜ್ವರ ಬಂದವಳ ಕೈಯಲ್ಲಿ ಬಲೆ ಯಾಕೆ ಎಂದಳು. ಡ್ಯಾರಿಲ್ ಬೆಬ್ಬೆಬ್ಬೆ ಎನ್ನುವಷ್ಟರಲ್ಲಿ ಅಜ್ಜಿಯ ಕಣ್ಣು ಹುಡುಗಿಯ ತೋಳಿನ ಮೇಲೆ ಬಿತ್ತು. ನಿನ್ನೆ ಸಂಜೆ ಸೊಳ್ಳೆ ಕಚ್ಚಿ ಅಲ್ಲಿ ಕೆಂಪು ಗುಳ್ಳೆಗಳೆದ್ದಿದ್ದವು.

"ಅಯ್ಯೋ ಪೆದ್ದೇ, ಇದು ಚಿಕನ್‌ಪಾಕ್ಸ್ ಕಣೋ."

ತಾನಾಗಿ ಒದಗಿಬಂದ ಸುಳ್ಳನ್ನು ಯಾರು ಬಿಡುತ್ತಾರೆ? "ನಂಗೂ ಹಾಗೇ ಅನ್ನಿಸ್ತು ಅಜ್ಜಿ," ಎಂದುಬಿಟ್ಟ.

ಅಲ್ಲಿಗೆ ಅವನ ಗ್ರಹಚಾರ ಶುರುವಾಯಿತು. ಅಜ್ಜಿ ಗುಲಾಬಿ ಬಣ್ಣದ ಔಷಧ ತಂದು ಮಾರ್ನಿಗೆ ಗೋಡೆಗೆ ಸುಣ್ಣ ಬಳಿದಂತೆ ಬಳಿದು ಮಲಗಿಸಿದಳು. ಆಮೇಲೆ ಮನೆಗೆ ಹೋಗಿ ಫೋನ್ ಹಿಡಿದು ಕೂತಳು. ಹತ್ತು ಗಂಟೆಗೆ ಬೇಕರಿಯವಳು ಗೇಟಿನಲ್ಲಿ ಸೂಪಿಟ್ಟು ಓಡಿದಳು. ಪೋಸ್ಟಿನವನು ಕಾಗದಗಳನ್ನು ರಸ್ತೆಯಿಂದಲೇ ಎಸೆದು ಹೋದ. ಒಬ್ಬರು ಹೋದರೆ ಇನ್ನೊಬ್ಬರು. ಮಗಳ ಜೊತೆಗಿನ ದಿನ ಕೈಜಾರುತ್ತಿದೆಯಲ್ಲ ಎಂದು ಡ್ಯಾರಿಲ್‌ಗೆ ಅಳುವೇ ಬಂತು.

ಮಧ್ಯಾಹ್ನ ಅಜ್ಜಿ ಟೀವಿ ಮುಂದೆ ತೂಕಡಿಸಿದ ಮೇಲೆ ಇಬ್ಬರೂ ಹಿತ್ತಿಲ ಬಾಗಿಲಿಂದ ಪರಾರಿಯಾದರು.

ಅಳಿವೆಯಲ್ಲಿ ಮೊಣಕಾಲುದ್ದ ಬೆಚ್ಚಗಿನ ನೀರು. ಎರಡೇ ಗಂಟೆ, ಆದರೆ ಎಂಥ ಎರಡು ಗಂಟೆ! ಒಂದು ನೀಲಿ ಏಡಿ ಡ್ಯಾರಿಲ್‌ನ ಹೆಬ್ಬೆರಳು ಹಿಡಿದುಕೊಂಡಾಗ ಅವನು ಕುಣಿದ ಕುಣಿತಕ್ಕೆ ಮಾರ್ನಿ ನಕ್ಕು ನಕ್ಕು ನೀರಲ್ಲೇ ಕೂತುಬಿಟ್ಟಳು. ಆ ನಗು ಎರಡು ವಾರಕ್ಕೆ ಸಾಕು ಎನಿಸಿತು ಅವನಿಗೆ.

ನಾಲ್ಕಕ್ಕೆ ಮನೆಗೆ ಬಂದರೆ ಗೇಟಿನಲ್ಲಿ ಹೋಂವರ್ಕ್ ಹಿಡಿದು ಕ್ವಿನ್ ಮೇಡಂ ನಿಂತಿದ್ದರು. ಹುಡುಗಿಯ ಕಾಲಿನ ಕೆಸರು ನೋಡಿದರು, ಬಕೆಟ್ಟಿನೊಳಗೆ ಇಣುಕಿದರು, ತೋಳು ತಿರುಗಿಸಿ ನೋಡಿದರು.

"ನಾಲ್ಕು ಮಕ್ಕಳನ್ನ ಬೆಳೆಸಿದೀನಿ. ಇದು ಸೊಳ್ಳೆ."

ಡ್ಯಾರಿಲ್ ತಲೆತಗ್ಗಿಸಿದ. "ತಪ್ಪಾಯ್ತು ಮೇಡಂ. ಆದ್ರೆ ನನ್ನ ಮಗಳು ಒಂದಿನ ನನ್ನ ಜೊತೆ ಇರ್ಲಿ ಅಂತ ನಾನು ತೀರ್ಮಾನ ಮಾಡ್ಬಾರ್ದಾ?"

ಮೇಡಂ ಹೋಂವರ್ಕನ್ನು ಅವನ ಕೈಗಿಟ್ಟರು. "ಈ ಊರಲ್ಲಿ ಅರ್ಧಕ್ಕರ್ಧ ಅಪ್ಪಂದಿರು ಗಣಿಗೆ ಹೋಗೋರೇ. ಎಲ್ಲರಿಗೂ ಹೂಂ ಅಂದ್ರೆ ನಾನು ಗೋಡೆಗೆ ಪಾಠ ಮಾಡ್ಬೇಕು," ಎಂದು ಮೆತ್ತಗೆ ಹೇಳಿ, ನಾಳೆ ಒಂಬತ್ತಕ್ಕೆ ಸರಿಯಾಗಿ ಕಳಿಸಬೇಕೆಂದು ಕಟ್ಟಪ್ಪಣೆ ಮಾಡಿದರು. ಹೋಗುವಾಗ ಎರಡು ಏಡಿ ಕೊಟ್ಟರೆ ಬೇಡವೆನ್ನಲಿಲ್ಲ.

ಬದುಕಿದೆ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಫೋನು. ಗಣಿಯ ಮೇಸ್ತ್ರಿ. ಮೇವಿಸ್ ಅಜ್ಜಿಯ ತಂಗಿಯ ಮಗ ಅಲ್ಲೇ ಕೆಲಸಕ್ಕಿದ್ದಾನೆ. ಅಜ್ಜಿ ಬೆಳಗ್ಗೆಯೇ ಅವನಿಗೂ ಸುದ್ದಿ ಮುಟ್ಟಿಸಿದ್ದಳು.

"ನಾನೂರು ಜನ ಒಂದೇ ಕಡೆ ಉಣ್ತೀವಿ ಮಾರಾಯ, ಆ ರೋಗ ಇಲ್ಲಿಗೆ ತರಬೇಡ. ನಿನ್ನ ಸೀಟು ಬೇರೆಯವನಿಗೆ ಕೊಟ್ಟಾಯ್ತು. ಎರಡು ವಾರ ಮನೇಲಿರು."

ಸೊಳ್ಳೆ ಎಂದು ಎಷ್ಟು ಬಡಿದುಕೊಂಡರೂ ಮೇಸ್ತ್ರಿ ನಂಬಲಿಲ್ಲ.

ಮಾರನೆಯ ದಿನ ಒಂಬತ್ತಕ್ಕೆ ಶಾಲೆಯ ಗಂಟೆ ಹೊಡೆಯಿತು. ಕೆಲಸವಿಲ್ಲ, ವಿಮಾನವಿಲ್ಲ, ಮಗಳೂ ಇಲ್ಲ. ಡ್ಯಾರಿಲ್ ಶಾಲೆಯ ಗೇಟಿನ ಕಂಬಿ ಹಿಡಿದು ಅಲ್ಲೇ ನಿಂತಿದ್ದ. ತರಗತಿಗೆ ಹೊರಟಿದ್ದ ಮಾರ್ನಿ ಅರ್ಧ ದಾರಿಯಿಂದ ಓಡಿ ಬಂದು ಅವನ ಬೆರಳು ಬಿಡಿಸಿದಳು.

"ಮೂರಕ್ಕೆ ಬರ್ತೀನಿ ಅಪ್ಪ. ಅಲ್ಲೀವರ್ಗೂ ಹಟ ಮಾಡ್ಬೇಡ."