ಮಾರ್ಕಿ ಉತ್ತ ಹೊಲ

ಎವ್ರಾರ್ ದ ಲಾಪ್ರಾದನ ಕತ್ತಿಯ ಪಟ್ಟಿ ನೇಗಿಲ ಹಿಡಿಗೆ ಸಿಕ್ಕಿಕೊಳ್ಳದಿದ್ದರೆ ಆ ದಿನದ ರಾದ್ಧಾಂತ ಯಾವುದೂ ಆಗುತ್ತಿರಲಿಲ್ಲ.

ಉಳುವವನ ಸೊಂಟದಲ್ಲಿ ಕತ್ತಿ ಯಾಕೆ ಎಂದು ಬೆರಿ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಎವ್ರಾರ್ ಕುಲೀನ. ಅವನ ಮುತ್ತಜ್ಜ ಯಾವುದೋ ಯುದ್ಧದಲ್ಲಿ ಯಾವುದೋ ರಾಜನಿಗೆ ತನ್ನ ಕುದುರೆ ಕೊಟ್ಟು ಕಾಲ್ನಡಿಗೆಯಲ್ಲಿ ಮನೆಗೆ ಬಂದಿದ್ದನಂತೆ. ಆ ಮನೆತನ ಅಂದಿನಿಂದ ಕಾಲ್ನಡಿಗೆಯಲ್ಲೇ ಇತ್ತು. ಉಳಿದದ್ದು ಸೋರುವ ಒಂದು ಗೋಪುರ, ಕಲ್ಲು ತುಂಬಿದ ಒಂದು ಹೊಲ, ತುಕ್ಕು ಹಿಡಿದ ಕತ್ತಿ ಮತ್ತು ಕಂದಾಯ ಕೊಡದೆ ಇರುವ ಹಕ್ಕು. ಕುಲೀನನಾದವನು ತನ್ನ ಹೊಲವನ್ನು ತಾನೇ ಉಳಬಹುದು, ತಪ್ಪಿಲ್ಲ. ಆದರೆ ಬೇರೆಯವರ ಹೊಲಕ್ಕೆ ನೇಗಿಲಿಟ್ಟನೋ, ಅವನು ಕೂಲಿಯವನಾದ. ಕುಲ ಹೋಯಿತು, ಕಂದಾಯ ಬಂತು. ಎವ್ರಾರನ ಕಣಜದಲ್ಲಿ ಕಂದಾಯ ಅಳೆದುಕೊಟ್ಟ ಮೇಲೆ ಉಳಿಯುವ ಕಾಳು ಒಂದು ಇಲಿಯ ಸಂಸಾರಕ್ಕೂ ಸಾಲುವಂತಿರಲಿಲ್ಲ.

ಊರಿಗೆ ಇಷ್ಟು ಎಂದು ಮೇಲಿನಿಂದ ಕಂದಾಯ ನಿಗದಿಯಾಗುತ್ತಿತ್ತು. ಅದನ್ನು ಊರವರು ಹಂಚಿಕೊಳ್ಳಬೇಕು. ಕೊಡುವವನು ಒಬ್ಬ ಹೆಚ್ಚಿದರೆ ಉಳಿದವರಿಗೆಲ್ಲ ಅಷ್ಟು ಹಗುರ. ಹೀಗಾಗಿ ಎವ್ರಾರನ ಕುಲದ ಯೋಗಕ್ಷೇಮವನ್ನು ಇಡೀ ಊರು, ಬೆಕ್ಕು ಹಾಲಿನ ಗಡಿಗೆಯನ್ನು ನೋಡಿಕೊಳ್ಳುವಷ್ಟೇ ಅಕ್ಕರೆಯಿಂದ ನೋಡಿಕೊಳ್ಳುತ್ತಿತ್ತು.

ಅವನ ಎತ್ತಿನ ಹೆಸರು ಮಾರ್ಕಿ. ದೊಡ್ಡ ದೊರೆಗಳಿಗೆ ಸಲ್ಲುವ ಆ ಬಿರುದನ್ನು ಒಮ್ಮೆ ಸಿಟ್ಟು ಬಂದಾಗ ಅವನೇ ಇಟ್ಟಿದ್ದ. ಪದವಿಯಲ್ಲಿ ಎತ್ತು ಯಜಮಾನನಿಗಿಂತ ಮೇಲಾಯಿತು, ನಡತೆಯಲ್ಲೂ ಅದನ್ನು ಮರೆಯಲಿಲ್ಲ. ಆ ದಿನ ಮಂಜು ಮುಸುಕಿದ ಬೆಳಗಿನಲ್ಲಿ ನೇಗಿಲು ಹೂಡಿದ್ದೇ ತಡ, ಮಾರ್ಕಿ ಮೂಗು ಮೇಲೆತ್ತಿ, ಬದು ದಾಟಿ, ಪಕ್ಕದ ವಿಧವೆ ಸೊಲಾಂಜಳ ಹೊಲಕ್ಕೆ ನುಗ್ಗಿತು. ಬಿಟ್ಟುಬಿಡೋಣವೆಂದರೆ ಪಟ್ಟಿ ಹಿಡಿಗೆ ಸುತ್ತಿಕೊಂಡಿದೆ. ಎತ್ತು ಆ ತುದಿಗೆ ಹೋಯಿತು, ನಿಂತಿತು, ತಿರುಗಿ ಈ ತುದಿಗೆ ಬಂತು, ಮತ್ತೆ ಹೋಯಿತು. ಎವ್ರಾರ್ ಅರಚುತ್ತ ಹಿಂದೆ ಓಡಿದ. ಆದರೆ ಬಾಯಿ ಅರಚಿದರೂ ಅವನ ಕೈಗಳು ಅಭ್ಯಾಸಬಲದಿಂದ ತಮ್ಮ ಕೆಲಸ ಮಾಡಿದವು. ಮಂಜು ಸರಿಯುವ ಹೊತ್ತಿಗೆ ಸೊಲಾಂಜಳ ಅರ್ಧ ಹೊಲ ಉತ್ತಾಗಿತ್ತು. ಬದುವಿನ ಮೇಲೆ ಆ ವರ್ಷ ಕಂದಾಯ ಎತ್ತುವ ಸರದಿಯ ಬ್ಲೇಜ್ ಕೈಕಟ್ಟಿ ನಿಂತಿದ್ದ.

"ಏನ್ ಸಾಲು ಧಣಿ, ಏನ್ ಸಾಲು! ದಾರ ಹಿಡಿದು ಎಳ್ದಂಗೈತೆ," ಎಂದ ಬ್ಲೇಜ್.

"ಲೇ ಬ್ಲೇಜ, ನಾನು ಉತ್ತಿಲ್ಲ ಕಣೋ! ಎತ್ತು ಎಳ್ಕೊಂಡ್ ಬಂತು!"

"ಹಂಗಾ! ನಮ್ಮನೆ ಎತ್ಗೂ ಒಸಿ ಹೇಳ್ಕೊಡು ಅನ್ನಿ ಅದಕ್ಕೆ. ನಾನು ಹೋಗಿ ಗಂಟೆ ಹೊಡೆಸ್ತೀನಿ."

ಚರ್ಚಿನ ಗಂಟೆ ಬಡಿಯಿತು. ಊರು ಸೇರಿತು. ಸತ್ತವರ ಮನೆಗೂ ಇಷ್ಟು ಬೇಗ ಯಾರೂ ಬಂದಿರಲಿಲ್ಲ. ನಡುವೆ ನಿಂತ ಪಾದ್ರಿಗಳು ಎವ್ರಾರನ ಹೆಗಲ ಮೇಲೆ ಕೈಯಿಟ್ಟರು. "ನೋಡಪ್ಪಾ ಎವ್ರಾರ್, ಕುಲ ಅನ್ನೋದು ಈ ಲೋಕದ್ದು. ಹೋದ್ರೆ ಹೋಗ್ಲಿ ಬಿಡು." ಪಾದ್ರಿಗಳು ಕಂದಾಯ ಕೊಡುವವರಲ್ಲ.

"ಎತ್ತು ಎಳೆದದ್ದಾದ್ರೆ ಸಾಲು ಹಾವಿನಂಗೆ ಹೋಗ್ಬೇಕಿತ್ತು," ಎಂದು ಬ್ಲೇಜ್ ವಾದ ಹೂಡಿದ. "ಇದು ಬಡಿಗೆಯಂಗೈತೆ. ಹಿಡೀಲಿ ಕೈ ಇತ್ತು. ಅದೂ ಕಸುಬು ಬಲ್ಲ ಕೈ."

ಎವ್ರಾರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಅವನಿಗೆ ಕುದುರೆ ಸವಾರಿ ಬರುತ್ತಿರಲಿಲ್ಲ, ಕತ್ತಿವರಸೆ ಬರುತ್ತಿರಲಿಲ್ಲ, ಓದುವಾಗ ಬೆರಳಿಡಬೇಕಿತ್ತು. ಈ ಲೋಕದಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದುದು ಒಂದೇ: ನೆಟ್ಟನೆಯ ಸಾಲು. ಅದನ್ನು ಯಾರಾದರೂ ಒಮ್ಮೆ ಹೊಗಳಲಿ ಎಂದು ಅವನು ಎಷ್ಟೋ ವರ್ಷ ಕಾದಿದ್ದ. ಹೊಗಳಿಕೆ ಬಂದದ್ದು ಇವತ್ತು.

ಆಗ ಸೊಲಾಂಜ್ ಗುಂಪಿನಿಂದ ಮುಂದೆ ಬಂದಳು. "ಅಯ್ಯೋ, ನಮ್ಮ ಧಣಿಗೆಲ್ಲಿ ಉಳಕ್ ಬತ್ತದೆ? ಅವರ ಹೊಲ ಇಲ್ಲೇ ಐತಲ್ಲ. ಎಲ್ಲರ ಮುಂದೆ ಒಂದು ಸಾಲು ಹೊಡೀಲಿ, ಗೊತ್ತಾಯ್ತದೆ."

ಮುಳುಗುವವನಿಗೆ ಹಗ್ಗ ಸಿಕ್ಕಿತು. ಎವ್ರಾರ್ ನೇಗಿಲನ್ನು ತನ್ನ ಹೊಲಕ್ಕೆ ತಿರುಗಿಸಿದ. ನೆಟ್ಟಗೆ ಹೋಗಲೆಳಸುವ ಕೈಯನ್ನು ಸೊಟ್ಟಗೆ ತಿರುಚುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಸಾಲು ಎಡಕ್ಕೆ ಹೊರಳಿತು, ಬಲಕ್ಕೆ ಬಳುಕಿತು, ಕುಡಿದವನ ಹಾಗೆ ತನ್ನನ್ನೇ ತಾನು ಅಡ್ಡಹಾಯಿತು. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಮ್ಮಜ್ಜಿ ಕಣ್ಮುಚ್ಕೊಂಡು ಇದಕ್ಕಿಂತ ಚೆನ್ನಾಗಿ ಹೊಡೀತಾಳೆ!" ಎಂದು ಯಾರೋ ಕೂಗಿದರು. ಕೊನೆಗೆ, ಎಷ್ಟೋ ವರ್ಷಗಳಿಂದ ಅವನು ಜಾಣತನದಿಂದ ಬಳಸಿ ಹೋಗುತ್ತಿದ್ದ ದೊಡ್ಡ ಬಂಡೆಗೇ ನೇಗಿಲು ಬಡಿಯಿತು. ನೆಲ ಸೀಳುವ ಕಬ್ಬಿಣದ ಗುಳ ಎರಡು ಹೋಳಾಯಿತು.

ಬ್ಲೇಜ್ ಹೋಳುಗಳನ್ನು ನೋಡಿ ನಿಟ್ಟುಸಿರಿಟ್ಟ. "ಅಪ್ಪಟ ಕುಲೀನರು. ಇದರ ಮೇಲೆ ಮಾತಿಲ್ಲ." ಎವ್ರಾರ್ ಆ ಹೊಲ ಉತ್ತಿಲ್ಲ, ಎತ್ತು ತಾನಾಗಿಯೇ ಉತ್ತಿದೆ ಎಂದು ಊರೆಲ್ಲ ಒಪ್ಪಿತು. ಪಾದ್ರಿಗಳು ಸಾಕ್ಷಿಯಾದರು. ಜನ ನಗುತ್ತ ಚದುರಿದರು.

ಎವ್ರಾರ್ ಮಣ್ಣಿನಲ್ಲಿ ಕೂತ. ಕುಲ ಉಳಿಯಿತು. ಹೊಲ ಉಳುವುದಕ್ಕೆ ಗುಳವಿಲ್ಲ, ಹೊಸದಕ್ಕೆ ಗತಿಯಿಲ್ಲ, ಬಿತ್ತನೆ ತಪ್ಪಿದರೆ ಚಳಿಗಾಲ ಕಳೆದು ತಿನ್ನಲು ಏನೂ ಇಲ್ಲ. ತಲೆಯೆತ್ತಿದರೆ ಎದುರಿಗೆ ಸೊಲಾಂಜ್. ಅವಳ ಕೈಯಲ್ಲಿ ಗಡಿಗೆ.

"ಎದೆಗುಂದ್ಬೇಡಿ ಧಣಿ. ನಮ್ಮ ಯಜಮಾನರ ನೇಗಿಲು ಕೊಟ್ಟಿಗೇಲಿ ಸುಮ್ಕೆ ಬಿದ್ದೈತೆ. ನಾಳೆ ತಕ್ಕೊಂಡ್ಹೋಗಿ."

"ನೀನು ದೊಡ್ಡ ಮನಸ್ಸಿನವಳಮ್ಮ," ಎಂದ ಎವ್ರಾರ್. ಗಡಿಗೆಯಿಂದ ಉಪ್ಪುಮೀನಿನ ವಾಸನೆ ಬಂತು. ಮಾರ್ಕಿ ಕುತ್ತಿಗೆ ಚಾಚಿತು.

"ಏನದು?"

"ಮೀನಿನ ಪೀಪಾಯಿ ತೊಳೆದ ನೀರು ಧಣಿ. ಉಪ್ಪಿನ ಬೆಲೆಗೆ ಈಗಿನ ಕಾಲದಲ್ಲಿ ಎತ್ಗೆ ಉಪ್ಪು ಯಾರು ಹಾಕ್ತಾರೆ? ಪಾಪ, ಬಾಯಿ ಚಪ್ಪೆ ಬಿದ್ದಿರ್ತದೆ. ಹೊಲದ ಎರಡೂ ತುದಿ ಕಲ್ಲಿಗೆ ಒಸಿ ಸವರಿದ್ರೆ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಒಂದೇ ಸಮ ಓಡಾಡ್ತದೆ."

ಎವ್ರಾರ್ ನೆಗೆದೆದ್ದ. ಕೈ ಕತ್ತಿಯ ಹಿಡಿಗೆ ಹೋಯಿತು. "ಹಾಗಾದ್ರೆ ನೀನೇ... ನನ್ನ ಕೈಲಿ ಬಿಟ್ಟಿ ಉಳುಮೆ ಮಾಡಿಸ್ಕೊಂಡೆ! ಊರು ಕರೆಸ್ತೀನಿ! ನಾನು ಉತ್ತಿದ್ದೀನಿ ಅಂತ..."

ಕತ್ತಿಯ ಹಿಡಿ ಹಿಡಿದಿದ್ದ ಕೈ ತಾನಾಗಿಯೇ ಕೆಳಗಿಳಿಯಿತು.

"ಹೇಳಿ ಧಣಿ. ಬ್ಲೇಜ್ ಇನ್ನೂ ದಾರೀಲೇ ಅವ್ನೆ, ಕರೀಲಾ?" ಸೊಲಾಂಜ್ ದಾರಿಯತ್ತ ಕೈ ತೋರಿಸಿದಳು. ಆಮೇಲೆ ಗಡಿಗೆಯನ್ನು ಸೊಂಟಕ್ಕೆ ಏರಿಸಿಕೊಂಡಳು. "ನಾಳೆ ಬೆಳಕು ಹರಿಯೋಕ್ ಮುಂಚೆ ಬನ್ನಿ. ಮೊದ್ಲು ಮಾರ್ಕಿ ನನ್ನ ಇನ್ನರ್ಧ ಮುಗಿಸ್ಲಿ, ಆಮೇಲೆ ನಿಮ್ದು. ಒಂದ್ ಮಾತು ಧಣಿ, ಸಾಲು ಇವತ್ತಿನಂಗೇ ನೆಟ್ಟಗಿರ್ಲಿ ಅಂತ ಎತ್ಗೆ ಹೇಳಿ."