ಹಲ್ಲು ಕಿತ್ತ ಮೇಲಿನ ಐದು ದಿನ

ಹಲ್ಲು ಕೀಳುವುದು ಡಾಕ್ಟರರ ಕೆಲಸ. ಹತ್ತು ಮಿನಿಟಿನಲ್ಲಿ ಮುಗಿಯುತ್ತದೆ. ಆಮೇಲೆ ಗುಣವಾಗುವುದು ಇದೆಯಲ್ಲ, ಅದು ನಮ್ಮ ಕೆಲಸ, ಅದಕ್ಕೆ ಯಾರೂ ಸೂಜಿ ಚುಚ್ಚಿ ನಮ್ಮನ್ನು ಮರಗಟ್ಟಿಸುವುದಿಲ್ಲ. ಇದು ಅನುಭವದ ಮಾತು. ಅನುಭವವೆಂದರೆ, ನನಗೆ ಎಲ್ಲವೂ ತಡವಾಗಿಯೇ ಬಂದದ್ದು. ನಾನು ಸಾಲೆಯ ಮೆಟ್ಟಿಲು ಹತ್ತಿದ್ದು ಹನ್ನೆರಡನೆಯ ವಯಸ್ಸಿಗೆ. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಆರು ವರ್ಷದ ಹುಡುಗರೆಲ್ಲ ಹೊಸ ಮಾಸ್ತರರು ಬಂದರೆಂದು ಎದ್ದು ನಿಂತರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗುವ ಹೊತ್ತಿಗೆ ಮೀಸೆ ಬಂದಿತ್ತು, ಮದುವೆಯೂ ಆಗಿತ್ತು. ಇಂಗ್ಲಿಷು ಅದಾದ ಮೇಲೆ, ಟೈಪು ಮೂವತ್ತಕ್ಕೆ. ಹೀಗಿರುವಾಗ ಅಕ್ಕಲ ಹಲ್ಲು, ಅಂದರೆ ಬುದ್ಧಿಹಲ್ಲು, ಮೂವತ್ತೆರಡಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅದು ನೆಟ್ಟಗೆ ಬರಲಿಲ್ಲ. ಮುಂದಿನ ಹಲ್ಲಿಗೆ ಒರಗಿಕೊಂಡು, ಛತ್ರದಲ್ಲಿ ಇಳಿದುಕೊಂಡವರ ಹಾಗೆ ಅಡ್ಡಡ್ಡ ಮಲಗಿಬಿಟ್ಟಿತು.

ಬೇರೆ ಯಾವಾಗಲಾದರೂ ಮಲಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಹುಬ್ಬಳ್ಳಿಯ ಒಂದು ಅರಳೆ ವಖಾರಿಯಲ್ಲಿ ನಾನು ಎರಡು ವರ್ಷದಿಂದ ಹಂಗಾಮಿ ಟೈಪಿಸ್ಟನಾಗಿದ್ದೆ. ನನ್ನ ಟೈಪು ನಿಧಾನ. ಒಂದು ಅಕ್ಷರ ಹುಡುಕಿ, ಸಿಕ್ಕ ಮೇಲೆ ಅದೇ ಹೌದೋ ಅಲ್ಲವೋ ಎಂದು ನೋಡಿ, ಆಮೇಲೆ ಒತ್ತುತ್ತೇನೆ. ಆದರೆ ತಪ್ಪು ಕಡಿಮೆ. ಆದ್ದರಿಂದ ಮ್ಯಾನೇಜರ ಸಾಹೇಬರು ನನ್ನನ್ನು ಕಾಯಂ ಮಾಡುವ ಮನಸ್ಸು ಮಾಡಿದ್ದರು. ಒಂದೇ ಒಂದು ಅಡಚಣೆ. ನಮ್ಮಲ್ಲಿ ಕಾಗದ ಟೈಪಾದ ಮೇಲೆ ಟೈಪಿಸ್ಟನು ಮೂಲವನ್ನು ಗಟ್ಟಿಯಾಗಿ ಓದಬೇಕು, ಹೆಡ್ ಕ್ಲಾರ್ಕರು ಪ್ರತಿಯ ಮೇಲೆ ಬೆರಳಿಟ್ಟು ತಾಳೆ ನೋಡಬೇಕು. ನಾನು ಇಂಗ್ಲಿಷು ಓದುವುದನ್ನು ಸಾಹೇಬರು ಒಮ್ಮೆಯೂ ಕೇಳಿರಲಿಲ್ಲ. "ಬರೂ ಸೋಮವಾರ ಮುಂಜಾನೆ ಬರ್ರಿ ಬಸಪ್ಪ, ನನ್ನ ಮುಂದ ಒಂದು ಪತ್ರ ಓದ್ರಿ. ಓದಿದ್ರಂದ್ರ ಕಾಯಂ," ಎಂದರು. ಅದು ಸೋಮವಾರದ ಮಾತು. ಮುಂದಿನ ಸೋಮವಾರಕ್ಕೆ ಏಳು ದಿನ ಇದ್ದವು. ಮಂಗಳವಾರ ಗಲ್ಲ ಬಾತು ಬಾಯಿ ತೆರೆಯದಾಯಿತು. ಬುಧವಾರ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಕೂತಿದ್ದೆ.

ಡಾಕ್ಟರರು ಪುಣೆಯಲ್ಲಿ ಕಲಿತು ಬಂದವರು, ಬಹಳ ಸಭ್ಯರು. ಹಲ್ಲು ಕಿತ್ತು, ಅರಳೆ ಉಂಡೆ ಕಚ್ಚಿಸಿ, ಬೆರಳು ಮಡಚುತ್ತ ಹೇಳಿದರು: "ನೋಡ್ರಿ, ಆ ಗುಂಡ್ಯಾಗ ರಕ್ತ ಹೆಪ್ಪುಗಟ್ಟತದ. ಅದ ನಿಮ್ಮ ಔಷಧ, ಅದನ್ನ ಕೆದಕಬ್ಯಾಡ್ರಿ. ಇವತ್ತು ಬಾಯಿ ಮುಕ್ಕಳಿಸೂದು ಇಲ್ಲ. ನಾಳಿಯಿಂದ ಉಗುರುಬೆಚ್ಚಗಿನ ಉಪ್ಪುನೀರು ಬಾಯಾಗ ಹಿಡದು ತಾನ ಬೀಳಾಕ ಬಿಡ್ರಿ, ಜೋರು ಮಾಡಬ್ಯಾಡ್ರಿ. ಉಗುಳೂದು, ಎಲಿ-ಅಡಿಕಿ, ಬೀಡಿ, ಬಿಸಿ ಚಹಾ ಎಲ್ಲಾ ಬಂದ್. ತಣ್ಣನ್ನ ಗಂಜಿ ಕುಡೀರಿ. ಮತ್ತ ಮೂರು ದಿನ ಮಾತು ಕಡಿಮಿ. ಇಷ್ಟು ಮಾಡಿದ್ರ ಸೋಮವಾರ ನೀವು ಭಾಷಣಾನೂ ಮಾಡಬಹುದು." ಕಿತ್ತ ಹಲ್ಲನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಕೊಟ್ಟರು. ಕಷ್ಟಪಟ್ಟು ಕಲಿತವನಿಗೆ ನಿಯಮವೆಂದರೆ ಭಕ್ತಿ. ಎಲ್ಲವನ್ನೂ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತ ಮನೆಗೆ ಬಂದೆ.

ಗಂಜಿಯಲ್ಲಿ ನಾನು ತಪ್ಪಲಿಲ್ಲ. ಬೀಡಿ ನನಗೆ ಮೊದಲಿಂದಲೂ ಇಲ್ಲ. ಎಲೆ-ಅಡಿಕೆಯ ಚಂಚಿಯನ್ನು ಹೆಂಡತಿ ನೀಲವ್ವ ಎತ್ತಿಟ್ಟಿದ್ದಳು. ಎಡವಿದ್ದು ಮಾತಿನಲ್ಲಿ. ನಮ್ಮ ಓಣಿಯಲ್ಲಿ ಒಬ್ಬನಿಗೆ ಜಡ್ಡಾಯಿತೆಂದರೆ ಮಾತಾಡಿಸಲು ಹೋಗದಿರುವುದು ದೊಡ್ಡ ಅಪರಾಧ. ಹೋದವರಿಗೆ ವಿವರ ಹೇಳದಿರುವುದು ಅದಕ್ಕಿಂತ ದೊಡ್ಡದು. ಬುಧವಾರ ಸಂಜೆಯೇ ಎದುರುಮನೆಯ ಗೌರಕ್ಕ ಬಂದರು. "ಹಲ್ಲು ಕೀಳಿಸಿದ್ಯಂತಲ್ಲೋ ತಮ್ಮಾ! ನಮ್ಮ ಮನಿಯವರು ದಾರ ಕಟ್ಟಿ ಬಾಗಲಾ ಬಡದು ಕಿತಗೊಂಡಿದ್ರು. ನಿನಗ ಹ್ಯಾಂಗ ಕಿತ್ರು?" ಈಗ ದಾರಕ್ಕೂ ಡಾಕ್ಟರರ ಸೂಜಿಗೂ ಇರುವ ಅಂತರವನ್ನು ಕೈಸನ್ನೆಯಲ್ಲಿ ತಿಳಿಸುವುದು ಸಾಧ್ಯವೇ? ಅರಳೆ ಉಂಡೆಯನ್ನು ಒಂದು ಪಕ್ಕಕ್ಕೆ ಸರಿಸಿ ಹೇಳಿದೆ. ಅವರ ಹಿಂದೆ ಮತ್ತಿಬ್ಬರು ಬಂದಿದ್ದರು. ಅವರು ಮೊದಲರ್ಧ ಕೇಳಿರಲಿಲ್ಲವೆಂದು ಮತ್ತೆ ಮೊದಲಿನಿಂದ ಹೇಳಿದೆ.

ಹೀಗಾದರೆ ಸೋಮವಾರದ ಗತಿಯೇನು ಎಂದು ಹೆದರಿ ಗುರುವಾರ ಮುಂಜಾನೆ ರಜೆಯಲ್ಲಿದ್ದರೂ ವಖಾರಿಗೆ ಹೋದೆ. ಮುಕ್ಕಾಲು ತಾಸು ಕೂತು ಒಂದು ಹಾಳೆ ಟೈಪು ಮಾಡಿದೆ: ಹಲ್ಲು ಕೀಳಿಸಿದ್ದೇನೆ, ಡಾಕ್ಟರರ ಅಪ್ಪಣೆಯಂತೆ ಮಾತಾಡುವಂತಿಲ್ಲ, ದಯವಿಟ್ಟು ಏನೂ ಕೇಳಬಾರದು. ಇಷ್ಟೂ ಇಂಗ್ಲಿಷಿನಲ್ಲಿ. ಇದನ್ನೇ ಕನ್ನಡದಲ್ಲಿ ಕೈಯಿಂದ ಬರೆದಿದ್ದರೆ ಎರಡು ಮಿನಿಟಿನ ಕೆಲಸ. ಆದರೆ ಮೂವತ್ತಕ್ಕೆ ಟೈಪು ಕಲಿತವನ ಸಂಕಟ ನಿಮಗೆ ತಿಳಿಯದು. ಅವನಿಗೆ ಧೋಬಿಯ ಚೀಟಿಯನ್ನೂ ಟೈಪು ಮಾಡಬೇಕೆನಿಸುತ್ತದೆ.

ಹಾಳೆ ಹಿಡಿದುಕೊಂಡು ಮನೆಗೆ ಬಂದೆ. ಮೊದಲು ಬಂದವರು ಪಕ್ಕದ ಮನೆಯ ಹುಸೇನ್ ಕಾಕಾ, ಚಕ್ಕಡಿ ಗಾಲಿ ಮಾಡುವವರು. ನಾನು ಗಂಭೀರವಾಗಿ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಿನಿಂದ ಸವರಿದರು.

"ಇದನ್ನ ನೀನ ಹೊಡದೀಯೇನು?"

ಹೌದೆಂದು ತಲೆಯಾಡಿಸಿದೆ.

"ವ್ಹಾರೆವ್ಹಾ! ಸಾಲು ನೋಡು, ನಾ ನೂಲು ಹಿಡದು ಗೆರಿ ಹಾಕಿದಂಗ ಅದಾವ. ಏನ್ ಬರದೈತಿ ಇದರಾಗ? ಓದು, ಕೇಳೂಣು."

ಓದಿದೆ. "ಈಗ ಇದರ ಅರ್ಥ ಹೇಳು," ಎಂದರು. ಹೇಳಿದೆ. ಮಾತಾಡುವಂತಿಲ್ಲವೆಂಬುದನ್ನು ಎರಡು ಭಾಷೆಗಳಲ್ಲಿ ವಿವರವಾಗಿ ಮಾತಾಡಿ ತಿಳಿಸಿದೆ. ಕಾಕಾ ಸಂತೋಷಪಟ್ಟು ಹೋಗಿ ತಮ್ಮ ಅಂಗಡಿಗೆ ಬಂದ ಇಬ್ಬರನ್ನು ಕಳಿಸಿದರು. ಸಂಜೆಯೊಳಗೆ ಆ ಹಾಳೆಯನ್ನು ಏಳು ಸಲ ಓದಿದೆ. ಏಳನೆಯ ಸಲದ ಹೊತ್ತಿಗೆ ನನ್ನ ಇಂಗ್ಲಿಷು ಉಚ್ಚಾರ ಬಹಳ ಸುಧಾರಿಸಿತ್ತು, ಅದು ಬೇರೆ ಮಾತು.

ಶುಕ್ರವಾರದ ತಪ್ಪು ಇದಕ್ಕಿಂತ ದೊಡ್ಡದು. ಕೇಳಿದವರಿಗೆ ಕೇಳಿದ್ದು ಸಾಕಾಗದೆ ನೋಡಬೇಕೆನಿಸಿತು. ಕಡ್ಡಿಪೆಟ್ಟಿಗೆಯ ಹಲ್ಲು ನೋಡಿದ ಮೇಲೆ, "ಇಷ್ಟು ದೊಡ್ಡದಿತ್ತಂದ್ರ ಗುಂಡಿ ಎಷ್ಟಿರಬೇಕು, ಬಾಯಿ ಆ ಮಾಡು ನೋಡೂಣು," ಎನ್ನುವುದು ಸಹಜವೇ. ಜನ ನೋಡಲು ಬರುತ್ತಾರೆಂದರೆ ಮನೆಯ ಅಂಗಳವನ್ನು ಗುಡಿಸಿಡುವುದು ನಮ್ಮ ಪದ್ಧತಿ. ಗಂಜಿ ಅಂಟಿದ ಬಾಯಿಯನ್ನು ಹೇಗೆ ತೋರಿಸಲಿ? ಒಬ್ಬೊಬ್ಬರು ಬಂದಾಗಲೂ ಬಚ್ಚಲಿಗೆ ಹೋಗಿ ಗಳಗಳ ಎಂದು ಮುಕ್ಕಳಿಸಿ, ಉಗುಳಿ, ಬಂದು ಬೆಳಕಿಗೆ ಬಾಯಿ ತೆರೆದೆ. ಗೌರಕ್ಕ ಎರಡನೆಯ ಸಲ ನೋಡಿದಾಗ, "ಮುಂಜಾನೆ ಏನೋ ಕರ್ರಗ ಇತ್ತಲ್ಲ, ಈಗ ಛಲೋ ಸ್ವಚ್ಛ ಆಗೇತಿ ನೋಡು," ಎಂದು ಮೆಚ್ಚಿಕೊಂಡರು. ನನಗೂ ಹೆಮ್ಮೆಯಾಯಿತು.

ಡಾಕ್ಟರರು ಔಷಧವೆಂದು ಕರೆದಿದ್ದ ಹೆಪ್ಪು ಅದೇ ಎಂಬುದು ಶನಿವಾರ ಬೆಳಗಿನ ಜಾವ ತಿಳಿಯಿತು. ನೋವು ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಏರಿತು. ಡಾಕ್ಟರರು ಬಾಯೊಳಗೆ ನೋಡಿ ಕೇಳಿದರು: "ಗುಂಡಿ ಬರಿದಾಗೇದಲ್ರಿ. ಏನು ಮಾಡಿದ್ರಿ?" ನಾನು ಬುಧವಾರ ಸಂಜೆಯಿಂದ ಸುರುಮಾಡಿದೆ. ಅವರು ಕೈ ಅಡ್ಡ ಹಿಡಿದು, "ಸಾಕ್ರಿ, ತಿಳೀತು," ಎಂದು ಲವಂಗದೆಣ್ಣೆ ಅದ್ದಿದ ಅರಳೆಯನ್ನು ಗುಂಡಿಗೆ ತುರುಕಿದರು.

ಮನೆಗೆ ಬಂದು ನೀಲವ್ವನ ಮುಂದೆ ಓಣಿಯವರನ್ನೆಲ್ಲ ಬಯ್ದೆ. ಇವರ ಪ್ರೀತಿಯೇ ನನ್ನ ಕೆಲಸಕ್ಕೆ ಕಲ್ಲು ಹಾಕಿತು ಎಂದೆ. ಅವಳು ಗಂಜಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಅವರಿಗ್ಯಾಕ ಬೈತೀರಿ? ಅವರು ಒಂದ ಮಾತು ಕೇಳ್ತಾರ, ನೀವು ಪುರಾಣಾ ಬಿಚ್ತೀರಿ. ಮೊನ್ನಿ ಹುಸೇನ್ ಕಾಕಾ ಬಡಿಗೋಲು ಬೇಡಾಕ ಬಂದಿದ್ರು. ಹಲ್ಲಿನ ಸುದ್ದಿ ತಗದವರು ಯಾರು?"

ತೆಗೆದವನು ನಾನೇ. ಆದರೆ ಅದನ್ನು ಒಪ್ಪಿಕೊಳ್ಳಲು ಬಾಯಿ ತೆರೆಯಬೇಕಾಗಿತ್ತು; ಡಾಕ್ಟರರ ಮಾತು ಮೀರಬಾರದೆಂದು ಸುಮ್ಮನಾದೆ. ರವಿವಾರ ಅವಳು ನನ್ನನ್ನು ಹಿಂದಿನ ಕೋಣೆಯಲ್ಲಿ ಹಾಕಿ ಮುಂಬಾಗಿಲಲ್ಲಿ ಕೂತು, ಬಂದವರಿಗೆಲ್ಲ "ಶಿರಗುಪ್ಪಿಗೆ ಹೋಗ್ಯಾರ್ರಿ," ಎಂದಳು. ದಿನವಿಡೀ ಒಂದು ಮಾತಿಲ್ಲ. ಉಪ್ಪುನೀರು ಹಿಡಿದೆ, ತಾನೇ ಬೀಳಲು ಬಿಟ್ಟೆ, ಮಜ್ಜಿಗೆ ಅನ್ನ ಕಿವುಚಿ ನುಂಗಿದೆ. ಸಂಜೆಗೆ ನೋವು ಇಳಿಯಿತು, ಬಾಯಿ ಎರಡು ಬೆರಳಷ್ಟು ತೆರೆಯಿತು. ಒಂದು ಪತ್ರ ಓದಲು ಎರಡು ಬೆರಳು ಸಾಕು. ಸೋಮವಾರ ಮುಂಜಾನೆ ಹೊರಡುವಾಗ ನೀಲವ್ವ ಹೇಳಿದಳು: "ಇದ್ದ ದವಡಿ ಪತ್ರಕ್ಕಷ್ಟ ಬಳಸ್ರಿ. ಮತ್ತೇನೂ ಮಾತು ಬ್ಯಾಡ."

ಸಾಹೇಬರು ಪತ್ರವನ್ನು ಕೈಯಲ್ಲಿ ಹಿಡಿದಿದ್ದರು. ಚಾಚಿದರು. ನಾನು ತೆಗೆದುಕೊಳ್ಳುವಷ್ಟರಲ್ಲಿ ನನ್ನ ಮೋರೆ ನೋಡಿದರು.

"ಏನ್ರೀ ಬಸಪ್ಪ, ಗಲ್ಲ ಬಾತೇದಲ್ಲ?"

"ಹಲ್ಲು ಸಾಹೇಬ್ರ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎರಡು ವರ್ಷದಲ್ಲಿ ಸಾಹೇಬರು ನನ್ನನ್ನು ಎಷ್ಟು ಪ್ರತಿ ಎಂಬುದರ ಹೊರತು ಏನನ್ನೂ ಕೇಳಿದವರಲ್ಲ. ಇಂಥವರು ಕೇಳಿದಾಗ ಒಂದು ಮಾತಿನಲ್ಲಿ ಮುಗಿಸುವುದು ಮರ್ಯಾದೆಯೇ? ಮೊದಲಿನಿಂದ ಹೇಳಿದೆ. ಗೌರಕ್ಕನ ದಾರಕ್ಕೆ ಬಂದಾಗ ಸಾಹೇಬರು ಬರೆಯುವ ಟಾಕನ್ನು ಕೆಳಗಿಟ್ಟರು. ಅಂಗಳ ಗುಡಿಸಿದ್ದಕ್ಕೆ ಬಂದಾಗ ನಕ್ಕು ನಕ್ಕು ಹೆಡ್ ಕ್ಲಾರ್ಕರನ್ನು ಕರೆದರು. ಅವರಿಗೆ ಮತ್ತೊಮ್ಮೆ ಹೇಳಿದೆ. ಕಡೆಗೆ ಸಾಹೇಬರು ಕಣ್ಣೊರೆಸಿಕೊಂಡು, "ಹಾಂ, ಈಗ ಓದ್ರಿ," ಎಂದರು.

"ಡಿಯರ್ ಸರ್ಸ್," ಎಂದೆ. ಅಲ್ಲಿಗೆ ದವಡೆ ಕಚ್ಚಿಕೊಂಡಿತು.

"ಮುಂದ?" ಎಂದರು ಸಾಹೇಬರು. ಮುಂದೆ ಏನೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ನೋಡಿದವರು ಅದನ್ನು ಹಲ್ಲಿನ ನೋವೆಂದುಕೊಂಡರು. ಸಾಹೇಬರು ಪತ್ರವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. "ಬರೂ ಸೋಮವಾರ ನೋಡೂಣು. ಅಲ್ಲೀತನಕ ಕೈಯಷ್ಟ ಕೆಲಸಕ್ಕ ಬರ್ಲಿ, ಬಾಯಿಗೆ ರಜಾ ಕೊಟ್ಟೇನಿ."

ಮನೆಗೆ ಬಂದಾಗ ನೀಲವ್ವ ನನ್ನ ಮೋರೆ ನೋಡಿದಳು. ಏನಾಯಿತೆಂದು ಕೇಳಲಿಲ್ಲ. ತಣ್ಣನೆಯ ಗಂಜಿ ತಂದು ಮುಂದಿಟ್ಟು ಒಳಗೆ ಹೋದಳು. ಆ ವಾರವಿಡೀ ಅವಳೂ ಕೇಳಲಿಲ್ಲ, ಅವಳು ಹೇಳಿಟ್ಟಿದ್ದಳೋ ಏನೋ, ಓಣಿಯವರೂ ಕೇಳಲಿಲ್ಲ. ನಾನು ಎಂದೂ ಇಲ್ಲದಷ್ಟು ಬೇಗ ಗುಣವಾದೆ.

ಮುಂದಿನ ಸೋಮವಾರ ಪತ್ರ ಓದಿದೆ. ಸಾಹೇಬರು ಛಲೋ ಆತು ಎಂದರು, ನಾನು ಕಾಯಂ ಆದೆ. ಈ ಸುದ್ದಿಯನ್ನು ಹೊತ್ತುಕೊಂಡು ಆ ಸಂಜೆ ಓಣಿಯ ಮನೆಮನೆಗೂ ಹೋದೆ. ಎಲ್ಲರೂ ಸಂತೋಷಪಟ್ಟರು, ಸಕ್ಕರೆ ಕೊಟ್ಟರು. ಹೇಗಾಯಿತು, ಸ್ವಲ್ಪ ವಿವರವಾಗಿ ಹೇಳು ಎಂದು ಒಬ್ಬರೂ ಅನ್ನಲಿಲ್ಲ. ಅವರದೇನು ತಪ್ಪು? ತಪ್ಪಿಲ್ಲದೆ ನಡೆದದ್ದನ್ನು ಹೇಳಹೋದರೆ ನನಗೇ ಎರಡು ವಾಕ್ಯದ ಮೇಲೆ ಸಾಗುವುದಿಲ್ಲ.